ಚೀಟಿಯ ಒಂಬತ್ತನೆಯ ಸಾಲು

ದೇವಿದಾಸನ ಬಳಿ ಡೈರಿ ಇರಲಿಲ್ಲ. ಜನವರಿ ಬಂತೆಂದರೆ ಕಾರವಾರದ ಅವನ ಕಚೇರಿಗೆ ಗುತ್ತಿಗೆದಾರರು ರೆಕ್ಸಿನ್ ಹೊದಿಕೆಯ ಡೈರಿಗಳನ್ನು ತಂದುಕೊಡುತ್ತಿದ್ದರು. ಅವು ಸಾಹೇಬರ ಕೋಣೆಗೆ ಹೋಗಿ, ಅಲ್ಲಿಂದ ಹೆಡ್‌ಕ್ಲರ್ಕ್ ಸತೀಶ ನಾಯಕರ ಟೇಬಲ್ಲಿಗೆ ಬಂದು, ಅಲ್ಲಿಗೇ ಮುಗಿಯುತ್ತಿದ್ದವು. ಹನ್ನೊಂದು ವರ್ಷಗಳಲ್ಲಿ ಒಂದೂ ಅವನವರೆಗೆ ಬಂದಿರಲಿಲ್ಲ. ಅವನು ರದ್ದಾದ ನಮೂನೆಗಳನ್ನು ಅಡಿಪಟ್ಟಿ ಇಟ್ಟು ನಾಲ್ಕಾಗಿ ಹರಿದು, ಹಿಂಬದಿಯಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಕಚೇರಿಯಿದ್ದ ದಿನಕ್ಕೊಂದು ಚೀಟಿ. ಬೆಳಿಗ್ಗೆ ಹಟ್ಟಿಕೇರಿಯಲ್ಲಿ ಬಸ್ಸು ಕಾಯುತ್ತ ನಿಂತಾಗ, ನಿನ್ನೆಯ ಚೀಟಿಯಲ್ಲಿ ಗೆರೆ ಬೀಳದೆ ಉಳಿದದ್ದನ್ನು ಇವತ್ತಿನದಕ್ಕೆ ಇಳಿಸಿ ಹೊಸದನ್ನು ಸೇರಿಸುತ್ತಿದ್ದ. ಹದಿನಾಲ್ಕು ಸಾಲಿಗಿಂತ ಕಡಿಮೆಯ ಚೀಟಿ ಅವನಿಗೆ ನೆನಪಿರಲಿಲ್ಲ. ಮೂರಕ್ಕೆ ಗೆರೆ ಎಳೆದರೆ ನಾಲ್ಕು ಹುಟ್ಟುತ್ತಿದ್ದವು. ಕೆಲವು ದಿನ, ಆಗಲೇ ಮಾಡಿ ಮುಗಿಸಿದ ಕೆಲಸವನ್ನು ಆಮೇಲೆ ಬರೆದು, ಬರೆದ ಕೂಡಲೇ ಗೆರೆ ಎಳೆಯುತ್ತಿದ್ದ. ಆ ಗೆರೆ ಎಳೆಯುವಾಗಿನ ಸುಖ ಅವನಿಗೆ ಬೇಕಾಗಿತ್ತು. ಅದು ಮೋಸವೆಂದೂ ಗೊತ್ತಿತ್ತು. ಹಳೆಯ ಚೀಟಿಗಳನ್ನು ಎಸೆಯುತ್ತಿರಲಿಲ್ಲ. ಅಂಗಡಿಯವರು ಬಿಲ್ಲು ಚುಚ್ಚಿಡುವಂಥ ತಂತಿಯ ಕೊಕ್ಕೆಯೊಂದನ್ನು ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿ, ಸಂಜೆ ಹೋಗಿ ಅದಕ್ಕೆ ಚುಚ್ಚುತ್ತಿದ್ದ. ಕಚೇರಿಯ ಕಾಗದವನ್ನು ಯಾರಾದರೂ ಮುಂದೊಂದು ದಿನ ಕೇಳಬಹುದೆಂದು ಇಡುವ ಹಾಗೆ.

ಇವತ್ತು, ಎರಡು ಸಾವಿರದ ಏಳನೆಯ ಇಸವಿಯ ಜನವರಿ ಹದಿನೆಂಟು, ಗುರುವಾರ, ಚೀಟಿಯ ಮೊದಲ ಸಾಲಿನಲ್ಲಿ 'ಆಯಿ ಕಣ್ಣು' ಎಂದಿತ್ತು. ಏಳು ತಿಂಗಳಲ್ಲಿ ಮೊದಲ ಬಾರಿ ಅದು ಮೊದಲ ಸಾಲಿಗೆ ಬಂದಿತ್ತು. ಅದು ಮೇಲೆ ಬಂದದ್ದು ದೇವಿದಾಸನಿಂದ ಅಲ್ಲ, ಅವನ ಹೆಂಡತಿ ಚಂಪಾಳಿಂದ. ಹೋದ ವಾರ ಆಯಿ, ಅಂದರೆ ಅವನ ತಾಯಿ ಗಂಗೂ, ಒಲೆಯ ಮೇಲಿನ ಗಂಜಿಯನ್ನು ಬಟ್ಟಲಿಗೆ ಬಗ್ಗಿಸುತ್ತೇನೆಂದು ತನ್ನ ಪಾದಕ್ಕೆ ಬಗ್ಗಿಸಿಕೊಂಡಿದ್ದಳು. ಚಂಪಾ ಸುಟ್ಟ ಪಾದಕ್ಕೆ ತೆಂಗಿನೆಣ್ಣೆ ಹಚ್ಚುತ್ತ, ತಲೆ ಎತ್ತದೆ, 'ಬರೂ ಗುರುವಾರ ನೀವ್ ಕರ್ಕಂಡ್ ಹೋಗ್ತ್ರಾ, ನಾನೇ ಹೋಗೂದಾ? ಆಸ್ಪತ್ರೆಗೆ ಫೋನ್ ಮಾಡಿ ಹೆಸ್ರು ಬರ್ಸಿ ಆಯ್ತು' ಎಂದಿದ್ದಳು. ಸಂಜೆ ಅವಳು ಕೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅವನ ಚೀಟಿಯ ನಿಯಮ ಅಷ್ಟೇ. ಯಾರು ಕೇಳುತ್ತಾರೋ ಅವರ ಕೆಲಸ ಮೇಲೆ. ಕೇಳದವರದ್ದು ಕೆಳಗೆ. ಆ ನಿಯಮವನ್ನು ಅವನು ಎಲ್ಲಿಯೂ ಬರೆದಿರಲಿಲ್ಲ, ಅದು ಇದೆಯೆಂದು ಅವನಿಗೇ ಸ್ಪಷ್ಟವಾದದ್ದು ಈ ಬೆಳಿಗ್ಗೆ, 'ಆಯಿ ಕಣ್ಣು' ಎಂಬುದನ್ನು ಒಂಬತ್ತನೆಯ ಸಾಲಿನಿಂದ ಒಂದನೆಯದಕ್ಕೆ ಎತ್ತಿ ಬರೆಯುವಾಗ. ಮೇಲಿದ್ದ ಎಂಟೂ ಒಂದೊಂದು ಸಾಲು ಕೆಳಗೆ ಸರಿದವು: ನಾಯಕರ ಗ್ಯಾಸ್ ಬುಕ್ಕು, ರೇಶನ್ ಕಾರ್ಡಿನಲ್ಲಿ ಚಂಪಾಳ ಹೆಸರಿನ ತಿದ್ದುಪಡಿ, ಬಾವಿಯ ಗಡಗಡೆ, ಹಿತ್ತಲ ಮಾಡಿನ ಆರು ಹಂಚು, ಚಪ್ಪಲಿಯ ಹೊಲಿಗೆ. ಹೊಲಿಗೆ ಬಿಟ್ಟ ಆ ಚಪ್ಪಲಿ ಮಳೆಗಾಲದ್ದು. ಅದು ಈಗ ಎಲ್ಲಿದೆಯೆಂದೂ ಅವನಿಗೆ ಗೊತ್ತಿರಲಿಲ್ಲ.

ಬಸ್ಸು ಬಂದಾಗ ಆಯಿ ಬಾಗಿಲ ಸರಳನ್ನು ಹಿಡಿದು, ಬಲಗಾಲನ್ನು ಎತ್ತಿ, ಗಾಳಿಯಲ್ಲಿ ಎರಡು ಸಲ ಮೆಟ್ಟಿಲಿಗಾಗಿ ಹುಡುಕಿದಳು. ಕಂಡಕ್ಟರ್ ಬೇಗ ಬೇಗ ಎಂದ. ದೇವಿದಾಸ ಹಿಂದಿನಿಂದ ಅವಳ ಹಿಮ್ಮಡಿಯನ್ನು ಹಿಡಿದು ಮೆಟ್ಟಿಲ ಮೇಲೆ ಇಟ್ಟ. ಹಾಗೆ ಇಡುವಾಗ ಬಸ್ಸಿನೊಳಗೆ ಯಾರಾದರೂ ಪರಿಚಯದವರು ನೋಡುತ್ತಿದ್ದಾರೆಯೇ ಎಂದು ಮೇಲೆ ನೋಡಿದ. ಆಯಿ ಕಿಟಕಿಯ ಪಕ್ಕ ಕೂತಳು. ಇಸ್ತ್ರಿಯಿಲ್ಲದ, ಆದರೆ ಪೆಟ್ಟಿಗೆಯ ವಾಸನೆಯ ನೀಲಿ ಸೀರೆ. ನಲವತ್ತು ವರ್ಷ ಬೇಲೇಕೇರಿಯಲ್ಲಿ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಮೀನು ಎತ್ತಿ, ತಲೆಯ ಮೇಲೆ ಬುಟ್ಟಿ ಹೊತ್ತು ಅಂಕೋಲೆಯ ಕೇರಿಗಳಲ್ಲಿ ಮಾರಿದವಳು, ಬುಟ್ಟಿಯಿಲ್ಲದೆ ಕೂತಾಗ ಕತ್ತು ಮಾತ್ರ ಅದೇ ನೇರದಲ್ಲಿತ್ತು. ಅವರ್ಸಾ ದಾಟಿದ ಮೇಲೆ, 'ತಮಾ, ಹಾರವಾಡ ಬಂತಾ?' ಎಂದಳು. 'ಹ್ಞೂ.' ಹಾರವಾಡ ಬಂದಿರಲಿಲ್ಲ. ಕಿಟಕಿಯ ಹೊರಗೆ ಬಿಸಿಲಿತ್ತು, ಗದ್ದೆಗಳಿದ್ದವು, ಅವಳ ಮುಖ ಸರಿಯಾಗಿ ಕಿಟಕಿಯ ಕಡೆಗೇ ಇತ್ತು. ತಾನು ಯಾಕೆ ಹ್ಞೂ ಎಂದೆ ಎಂದು ಅವನು ಯೋಚಿಸಿದ. ಹೌದೆಂದರೆ ಮಾತು ಮುಗಿಯುತ್ತದೆ, ಅದಕ್ಕೆ. ಬೇರೆ ಕಾರಣ ಇರಲಿಲ್ಲ.

ಜೂನ್ ತಿಂಗಳಲ್ಲೂ ಮಾತು ಮುಗಿಯಲೆಂದೇ ಅವನು ಒಂದು ಶಬ್ದವನ್ನು ಬಳಸಿದ್ದ. ಅಂಕೋಲೆಯ ಶಾಲೆಯೊಂದರಲ್ಲಿ ಕಣ್ಣಿನ ಉಚಿತ ತಪಾಸಣೆ ಇತ್ತು, ಭಾನುವಾರ, ಹೊರಗೆ ಮಳೆ. ಬೆಂಚುಗಳ ಮೇಲೆ ಮುದುಕರು ಮಕ್ಕಳ ಹಾಗೆ ಸಾಲಾಗಿ ಕೂತಿದ್ದರು. ಎಳೆಯ ಪ್ರಾಯದ ಡಾಕ್ಟರು ಆಯಿಯ ಕಣ್ಣಿನೊಳಗೆ ಬಹಳ ಹೊತ್ತು ದೀಪ ಬಿಟ್ಟು ನೋಡಿ, ದೇವಿದಾಸನನ್ನು ಮಾತ್ರ ಕರಿಹಲಗೆಯ ಹತ್ತಿರ ಕರೆದು ಹೇಳಿದ್ದರು: 'ಇದು ಪೊರೆ ಅಲ್ಲ. ಪೊರೆಯಾದರೆ ಯಾವಾಗ ಬೇಕಾದರೂ ತೆಗೆಯಬಹುದು. ಇದು ಕಣ್ಣಿನೊಳಗಿನ ಒತ್ತಡ. ಒಳಗಿನ ನರ ಒಣಗುತ್ತ ಹೋಗುತ್ತದೆ. ಬಲಗಣ್ಣಿನಲ್ಲಿ ಅರ್ಧ ಆಗಲೇ ಹೋಗಿದೆ, ಎಡದ್ದು ಚೆನ್ನಾಗಿದೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು. ದಿನಾ ಹನಿ ಹಾಕಿ. ಒಂದು ತಿಂಗಳೊಳಗೆ ಕಾರವಾರದಲ್ಲಿ ಈ ಪರೀಕ್ಷೆ ಮಾಡಿಸಿ.' ಎಲ್ಲವನ್ನೂ ಅವನು ಸರಿಯಾಗಿ ಕೇಳಿಸಿಕೊಂಡಿದ್ದ. ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಂಡೂ ಇದ್ದ. ಹೊರಗೆ ಜಗಲಿಯಲ್ಲಿ ಆಯಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಕಾಯುತ್ತಿದ್ದಳು. 'ಎಂತಾ ಅಂದ್ರಾ?' ಒತ್ತಡ, ನರ, ಒಣಗುವುದು, ಇದನ್ನೆಲ್ಲ ಮಳೆಯಲ್ಲಿ ನಿಂತು ಅವಳಿಗೆ ಹೇಳಬೇಕು, ಅವಳು ಹೆದರಬೇಕು, ಅವಳ ಹೆದರಿಕೆಯನ್ನು ತಾನು ಮನೆಯವರೆಗೆ ಹೊತ್ತುಕೊಂಡು ಹೋಗಬೇಕು. 'ಪೊರೆ' ಎಂದ. ಆಯಿಯ ಮುಖ ಸಡಿಲಾಯಿತು. 'ಪೊರೆನಾ? ಹಂಗಾರೆ ಅಡ್ಡಿಲ್ಲ. ಆಚೆಮನೆ ಬೊಮ್ಮಿಗೂ ಆಗಿತ್ತಲಾ. ಹಣ್ಣಾಗೂಕೆ ಬಿಡ್ಬೇಕು, ಆಮೇಲೆ ತೆಗೂದು. ಕಾಯಿ ಇದ್ದಾಗ ತೆಗೂಕಾಗೂದಿಲ್ಲ.' ಊರಿನಲ್ಲಿ ಎಲ್ಲರಿಗೂ ಹಾಗೆಯೇ ಗೊತ್ತಿತ್ತು. ಪೊರೆ ಮಾವಿನ ಹಾಗೆ. ಕಾಯಬೇಕು.

ಬೇಲೇಕೇರಿಗೆ ಹೋಗುವ ಹೆಂಗಸರು ಅವಳನ್ನು ದಾರಿಯಲ್ಲಿ ಕೇಳುತ್ತಿದ್ದರು. ಹಣ್ಣಾಯ್ತಾ ಗಂಗೂ? ಇನ್ನೂ ಇಲ್ಲೆ. ಹಣ್ಣಾಗಲಿ ಬಿಡು. ಆಷಾಢ ಕಳೆದು, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ದೋಣಿಗಳು ಇಳಿದ ಮೇಲೆ ಅವಳೇ ಹೇಳತೊಡಗಿದಳು. 'ಈಗ ಬಂಗಡೆ ಬೀಳೂ ಹೊತ್ತು. ಈಗ ಕಣ್ ಕಟ್ಕಂಡ್ ಮೂಲೇಲಿ ಕೂತ್ರೆ ಹ್ಯಾಂಗೆ? ಸೀಸನ್ ಮುಗೀಲಿ, ತಮಾ.' ಅವಳು ಹೀಗೆ ಹೇಳಿದಾಗಲೆಲ್ಲ ದೇವಿದಾಸನ ಎದೆಯಲ್ಲಿ ಏನೋ ಹಗುರವಾಗುತ್ತಿತ್ತು. ಅದನ್ನು ಅವನು ತಾಯಿಯ ಇಷ್ಟಕ್ಕೆ ತಾನು ಕೊಡುವ ಬೆಲೆ ಎಂದುಕೊಂಡ. ಹನಿಯ ಬಾಟಲಿ ಒಂದು ತಿಂಗಳಿಗೆ ಮುಗಿಯಿತು. ಎರಡನೆಯದನ್ನು ಜುಲೈಯಲ್ಲಿ ತಂದ. ಆ ಹನಿ ಅಂಕೋಲೆಯಲ್ಲಿ ಸಿಗುತ್ತಿರಲಿಲ್ಲ, ಕಾರವಾರದ ಒಂದೇ ಅಂಗಡಿಯಲ್ಲಿ ಸಿಗುತ್ತಿತ್ತು, ಆ ಅಂಗಡಿ ಮಧ್ಯಾಹ್ನ ಊಟದ ಬಿಡುವಿನಲ್ಲೇ ಮುಚ್ಚುತ್ತಿತ್ತು. ಮೂರನೆಯದನ್ನು ತರಬೇಕೆಂದು ಆಗಸ್ಟ್ ಪೂರ್ತಿ ಚೀಟಿಯಲ್ಲಿ ಬರೆದ. ಒಂದು ದಿನ, ಚೀಟಿಯಲ್ಲಿ ಜಾಗ ಸಾಲದೆ, 'ಹನಿ' ಎಂಬ ಸಾಲನ್ನು 'ಆಯಿ ಕಣ್ಣು' ಎಂಬ ಸಾಲಿನೊಳಗೆ ಸೇರಿಸಿದ. ಎರಡು ಕೆಲಸ ಒಂದಾದವು. ಚೀಟಿ ಚಿಕ್ಕದಾಯಿತೆಂದು ಆ ದಿನ ಸಂತೋಷವೂ ಆಗಿತ್ತು. ಪರೀಕ್ಷೆ ಮಾಡುವ ಡಾಕ್ಟರು ಬರುವುದು ಗುರುವಾರ ಮಾತ್ರ. ಗುರುವಾರ ಕಚೇರಿಯಿಂದ ವಾರದ ಲೆಕ್ಕದ ತಃಖ್ತೆ ಹೋಗಬೇಕು. ಗುರುವಾರಗಳು ಬಂದವು, ಹೋದವು.

ತಃಖ್ತೆಗಿಂತ ಮೊದಲು ಮುಗಿಯುತ್ತಿದ್ದದ್ದು ಮೀನು. ಕಚೇರಿಯಲ್ಲಿ ಸಮುದ್ರದ ಮನೆಯಿಂದ ಬಂದವನು ಅವನೊಬ್ಬನೇ. ಸೇರಿದ ಮೊದಲ ವಾರದಲ್ಲೇ ಸತೀಶ ನಾಯಕರು ಅವನ ಹೆಗಲ ಮೇಲೆ ಕೈಯಿಟ್ಟು, 'ನಮ್ಗೆ ಇನ್ನು ಪೇಟೆ ಮೀನಿನ ಕಾಟ ತಪ್ತು ನೋಡು' ಎಂದಿದ್ದರು. ಅಂದಿನಿಂದ ಯಾರ ಮನೆಗೆ ನೆಂಟರು ಬಂದರೂ ಅವನ ಚೀಟಿಯಲ್ಲಿ ಒಂದು ಸಾಲು ಹುಟ್ಟುತ್ತಿತ್ತು. ನಾಯಕರಿಗೆ ಇಸ್ವಾಣ, ಸಾಹೇಬರಿಗೆ ಪಾಪ್ಲೆಟ್. ಆಯಿ ಆರಿಸಿ ಕೊಡುತ್ತಿದ್ದಳು, ಅವನು ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು ಬಸ್ಸಿನಲ್ಲಿ ಬಾಗಿಲ ಬಳಿ ನಿಂತು ತರುತ್ತಿದ್ದ. ಕಚೇರಿಯ ನಲ್ಲಿಯಲ್ಲಿ ಸೋಪು ಹಾಕಿ ಮೊಣಕೈವರೆಗೆ ತೊಳೆಯುತ್ತಿದ್ದ. ಒಂದು ದಿನ ಅವನ ಚೀಟಿ ಟೇಬಲ್ಲಿನ ಕೆಳಗೆ ಬಿದ್ದು ನಾಯಕರ ಕೈಗೆ ಸಿಕ್ಕಿತು. ಅವರು ಎದ್ದು ನಿಂತು, ಕನ್ನಡಕ ಏರಿಸಿ, ಸಭೆಯಲ್ಲಿ ಓದುವಂತೆ ಓದಿದರು. 'ಒಂದು, ನಾಯಕರಿಗೆ ಮೀನು. ಬೇಷ್! ಎರಡು, ಸಾಹೇಬ್ರ ಮಗ್ಳ ಫಾರಮ್ಮು. ಮೂರು, ಗಡಗಡೆ. ನಾಲ್ಕು, ಚಪ್ಪಲಿ. ಏನಾ ಮಾರಾಯಾ, ಇದೆಂತಾ ಪಂಚವಾರ್ಷಿಕ ಯೋಜ್ನೆನಾ?' ಟೈಪಿಸ್ಟ್ ನೀತಾ ನಕ್ಕಳು. ಎಲ್ಲರೂ ನಕ್ಕರು. ದೇವಿದಾಸನೂ ನಕ್ಕ. ನಾಯಕರು ಎಂಟರವರೆಗೆ ಓದಿ ಬೇಸರವಾಗಿ ಚೀಟಿಯನ್ನು ಅವನ ಮುಂದೆ ಹಾಕಿದರು. ಇನ್ನೊಂದೇ ಸಾಲು ಓದಿದ್ದರೆ 'ಆಯಿ ಕಣ್ಣು' ಬರುತ್ತಿತ್ತು, ಏನದು ಎಂದು ಕೇಳುತ್ತಿದ್ದರು, ಹೋಗು ಮಾರಾಯಾ ಎಂದು ರಜೆ ಕೊಡುತ್ತಿದ್ದರೋ ಏನೋ. ಬಸ್ಸಿನಲ್ಲಿ ಕೂತು ಅವನಿಗೆ ಈಗ ಆ ಒಂಬತ್ತನೆಯ ಸಾಲನ್ನು ಓದದೆ ಬಿಟ್ಟದ್ದಕ್ಕಾಗಿ ನಾಯಕರ ಮೇಲೆ ಸಿಟ್ಟು ಬಂತು. ಸಿಟ್ಟಿನಿಂದ ಸ್ವಲ್ಪ ಆರಾಮವಾಯಿತು. ಅಮದಳ್ಳಿ ದಾಟುವುದರೊಳಗೆ ಆ ಆರಾಮವೂ ಹೋಯಿತು.

'ಇಲ್ಲಿ ಗಾಳಿ ತಿರುಗ್ತು' ಎಂದಳು ಆಯಿ. 'ಅರ್ಗಾ ಅಲ್ದಾ?' ಅರ್ಗಾವೇ. ರಸ್ತೆಯ ಪಕ್ಕ ನೌಕಾನೆಲೆಯ ಗೋಡೆ ಶುರುವಾಗಿತ್ತು, ಗೋಡೆಯ ಮೇಲೆ ತಂತಿ. ಗೋಡೆಗೆ ಸಮುದ್ರದ ಗಾಳಿ ಅಡ್ಡವಾಗಿ, ಬಸ್ಸಿನೊಳಗೆ ಒಮ್ಮೆಲೇ ಸೆಕೆಯಾಗಿತ್ತು. ಅವಳು ಊರುಗಳನ್ನು ಹೀಗೆ ಎಷ್ಟು ದಿನಗಳಿಂದ ಗುರುತಿಸುತ್ತಿದ್ದಾಳೆ? ಬಂಗಡೆಯನ್ನು ಬೆರಳಿನಲ್ಲಿ ಎಣಿಸುವುದು, ಪಾಲು ಹಾಕುವಾಗ ಮೀನನ್ನು ಅಂಗೈಯಲ್ಲಿ ತೂಗುವುದು, ಇದೆಲ್ಲ ಮೊದಲಿನಿಂದಲೂ ಇತ್ತು. ಮೀನಿನವರೆಲ್ಲ ಮಾಡುತ್ತಾರೆ. ಕಣ್ಣಿನ ಕೆಲಸವನ್ನು ಕೈ ಒಂದೊಂದಾಗಿ ತೆಗೆದುಕೊಳ್ಳುತ್ತ ಹೋದದ್ದು ಅದರಿಂದಲೇ ಯಾರಿಗೂ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ಒಮ್ಮೆ ಮೀಸೆಮೀನಿನ ವಿಷದ ಮುಳ್ಳು ಅವಳ ಅಂಗೈಗೆ ನಾಟಿ, ಕೈ ಮೊಣಕೈವರೆಗೆ ಬಾತಿತ್ತು. ನಲವತ್ತು ವರ್ಷದಲ್ಲಿ ಆ ಮೀನನ್ನು ಆ ಕಡೆಯಿಂದ ಹಿಡಿಯದವಳು ಅಂದು ಹಿಡಿದಿದ್ದಳು. 'ಕೈ ಜಾರ್ತು' ಎಂದಳು. ಅವನು ನಂಬಿದ. ನಂಬಿದನೇ? ಮರುದಿನದ ಚೀಟಿಯಲ್ಲಿ 'ಆಯಿ ಕೈಗೆ ಮುಲಾಮು' ಎಂದು ಬರೆದು, ಅಂದೇ ತಂದು, ಗೆರೆ ಎಳೆದಿದ್ದ.

ನವೆಂಬರಿನಲ್ಲಿ ನಾಯಕರ ಮನೆಗೆ ಬೀಗರಾಗುವವರು ಬರುವವರಿದ್ದರು. ದೊಡ್ಡ ಇಸ್ವಾಣ ಬೇಕು ಎಂದು ಗುರುವಾರದಿಂದಲೇ ಹೇಳಿಟ್ಟಿದ್ದರು. ಶನಿವಾರ ಆಯಿ ತಂದುಕೊಟ್ಟ ಮೀನನ್ನು ಅವನು ಚೀಲ ಬಿಚ್ಚದೆ ಒಯ್ದು ಅವರ ಮನೆಯ ಹಿಂಬಾಗಿಲಲ್ಲಿ ಕೊಟ್ಟುಬಂದ. ಸೋಮವಾರ ಹಾಜರಿಗೆ ಸಹಿ ಹಾಕುವ ಮೊದಲೇ ನಾಯಕರು ಕೂಗಿದರು. 'ಬಾರಾ ಇಲ್ಲಿ. ನಿನ್ ಆಯಿ ತೆಂಗಿನ ಬುಡಕ್ಕೆ ಹಾಕೂ ಮೀನು ಕಳ್ಸಿದ್ಲಲಾ ನಂಗೆ! ಕೊಯ್ದ್ರೆ ಮನೆಯೆಲ್ಲಾ ನಾರ್ತು. ಬೀಗರ ಮುಂದೆ ನನ್ ಮಾನ ಹೋಯ್ತು. ದಕ್ಕೆ ಮೇಲೆ ಹುಟ್ದವ್ನಿಗೆ ಮೀನಿನ ಕಣ್ ನೋಡೂಕ್ ಬರೂದಿಲ್ಲ ಅಂದ್ರೆ, ನೀನು ಫೈಲ್ ಎಂತಾ ನೋಡ್ತ್ಯಾ?' ಈ ಸಲ ನೀತಾ ನಗಲಿಲ್ಲ. ಅದು ನಕ್ಕಿದ್ದಕ್ಕಿಂತ ಕೆಟ್ಟದಾಗಿತ್ತು. ಕಿವಿಯ ಹಿಂದೆ ಬಿಸಿಯಾದದ್ದು ಸಂಜೆ ಹಟ್ಟಿಕೇರಿಯಲ್ಲಿ ಇಳಿಯುವವರೆಗೂ ಆರಲಿಲ್ಲ. ಮನೆಯಲ್ಲಿ ಆಯಿ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಿರಲಿಲ್ಲ, ಗೆರಸೆಯೊಳಗೆ ಕೈಯಾಡಿಸುತ್ತಿದ್ದಳು. ಅವನು ನಿಂತಲ್ಲಿಂದಲೇ ಕೂಗಾಡಿದ. ಮೀನಿನವಳಾಗಿ ಕೊಳೆತ ಮೀನು ಕೊಡ್ತ್ಯಲೇ, ನಾಚ್ಕೆ ಆಗೂದಿಲ್ವಾ, ನಾಲ್ಕು ಜನರ ಮುಂದೆ ನಾನು ತಲೆ ಎತ್ತೂದು ಬೇಡ್ವಾ. ಬೇಲಿಯಾಚೆ ಯಾರೋ ನಿಂತು ಕೇಳುತ್ತಿದ್ದರು. ಆಯಿ ಗೆರಸೆಯನ್ನು ಕೆಳಗಿಟ್ಟಳು. 'ಕಿವಿರು ಮುಟ್ಟಿ ನೋಡ್ದೆ. ತಣ್ಣಗೆ, ಗಟ್ಟಿ ಇತ್ತು. ಐಸಲ್ಲಿ ಇಟ್ಟದ್ದು ಹೇಳಿ ಗುತ್ತಾಗ್ಲಿಲ್ಲ.' ಐಸಿನಲ್ಲಿಟ್ಟ ಹಳೆಯ ಮೀನು ಬೆರಳಿಗೆ ಹೊಸದರ ಹಾಗೆಯೇ ಇರುತ್ತದೆ. ಅದರ ಕಣ್ಣು ಮಾತ್ರ ಒಳಗಿಳಿದು ಬೆಳ್ಳಗಾಗಿರುತ್ತದೆ. ಅದನ್ನು ಅವನಿಗೆ ಆರು ವರ್ಷದವನಿದ್ದಾಗ ಹೇಳಿಕೊಟ್ಟವಳು ಅವಳು. ಮೊದ್ಲು ಕಣ್ ನೋಡು, ಆಮೇಲೆ ಕೈ ಹಾಕು.

ಚಂಪಾ ಒಳಗಿನಿಂದ ಬಂದು ಗೆರಸೆ ಎತ್ತಿಕೊಂಡಳು. 'ಅತ್ತೆಗೆ ಕಾಣೂದಿಲ್ಲ. ನಿಮ್ಗೆ ಗೊತ್ತಿಲ್ವಾ?' ಎಂದಳು. ಅವನು, 'ಪೊರೆ ಹಣ್ಣಾಗ್ಬೇಕಲ್ಲ' ಎಂದ. ಹೇಳಿದ ಮೇಲೆ ತನ್ನ ಬಾಯಿಂದ ಬಂದದ್ದು ಏನೆಂದು ಕೇಳಿಸಿತು. ಕರಿಹಲಗೆಯ ಪಕ್ಕ ನಿಂತು ಡಾಕ್ಟರು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಅವನು ಮರೆತಿರಲಿಲ್ಲ. ಆದರೂ ಅಷ್ಟು ದಿನಗಳಲ್ಲಿ ಅವನೂ ಅದು ಹಣ್ಣಾಗುವುದನ್ನು ಕಾಯತೊಡಗಿದ್ದ. ಆಗ, ಅಲ್ಲಿಯೇ, ಹೇಳಬಹುದಿತ್ತು. ಅಂಗಳದಲ್ಲಿ ಬೆಳಕಿತ್ತು, ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು, ಒಬ್ಬಳು ನೋಡಿದಂತೆ ಮಾಡುತ್ತಿದ್ದಳು. ಅವನು ಕಾಲು ತೊಳೆಯಲು ಬಾವಿಕಟ್ಟೆಗೆ ಹೋದ. ಮರುದಿನದ ಚೀಟಿಯ ಮೊದಲ ಸಾಲು: 'ನಾಯಕರಿಗೆ ಬೇರೆ ಇಸ್ವಾಣ.' ಅವನೇ ಬೆಳಿಗ್ಗೆ ಬೇಲೇಕೇರಿಗೆ ಹೋದ. ಹತ್ತು ವರ್ಷದ ಮೇಲೆ ದಕ್ಕೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮೀನಿನ ಕಣ್ಣು ನೋಡಿದ. ಉಬ್ಬಿದ, ಕಪ್ಪಗೆ ಹೊಳೆಯುವ, ಅವನನ್ನೇ ನೋಡುವಂಥ ಕಣ್ಣಿನದನ್ನು ಆರಿಸಿದ. ನಾಯಕರು ಚೀಲದೊಳಗೆ ಇಣುಕಿ, 'ಅಡ್ಡಿಲ್ಲಾ, ಕಲ್ತೆ' ಎಂದರು. ಹತ್ತೂ ಇಪ್ಪತ್ತಕ್ಕೆ ಅವನು ಗೆರೆ ಎಳೆದ. ಒಂಬತ್ತನೆಯ ಸಾಲು ಹಾಗೆಯೇ ಇತ್ತು.

ಬೈತಖೋಲದ ತಿರುವಿನಲ್ಲಿ ಸಮುದ್ರ ಒಮ್ಮೆಲೇ ಕಿಟಕಿಯ ತುಂಬ ಬಂತು. ಬಸ್ಸಿನಲ್ಲಿದ್ದವರೆಲ್ಲ ಹೊರಗೆ ನೋಡಿದರು. ಆಯಿ ಟಿಕೆಟ್ಟನ್ನು ಚಿಕ್ಕದಾಗಿ ಮಡಿಚುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳನ್ನು ಕತ್ತಲೆ ಕೋಣೆಗೆ ಕರೆದೊಯ್ದು, ಬಿಳಿಯ ಬೋಗುಣಿಯಂಥದರೊಳಗೆ ಮುಖವಿಟ್ಟು ಕೂರಿಸಿದರು. ನರ್ಸು ಅವಳ ಕೈಯಲ್ಲಿ ಒಂದು ಗುಂಡಿ ಕೊಟ್ಟು, 'ಅಜ್ಜಿ, ಎದುರಿಗೇ ನೋಡ್ತಾ ಇರಿ. ಎಲ್ಲಾದ್ರೂ ಬೆಳಕಿನ ಚುಕ್ಕೆ ಕಂಡ್ರೆ ಇದನ್ನ ಒತ್ತಿ' ಎಂದಳು. ದೇವಿದಾಸ ಗೋಡೆಗೆ ಒರಗಿ ನಿಂತ. ಗುಂಡಿ ಒತ್ತಿದಾಗಲೆಲ್ಲ ಯಂತ್ರ ಟಿಕ್ ಎನ್ನುತ್ತಿತ್ತು. ಟಿಕ್, ಟಿಕ್, ಟಿಕ್. ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದು ಅವನ ಎದೆ ಹಗುರವಾಯಿತು. ಸುಮ್ಮನೆ ಹೆದರಿದ್ದೆ. ಅಷ್ಟೇನೂ ಆಗಿಲ್ಲ. ಸಂಜೆ ಚಂಪಾಳಿಗೆ ಹೇಳಬೇಕಾದ ವಾಕ್ಯವೂ ಸಿದ್ಧವಾಯಿತು. ನರ್ಸು ಯಂತ್ರ ನಿಲ್ಲಿಸಿದಳು. 'ಅಜ್ಜಿ, ಬೆಳಕೇ ಬಿಡದಿದ್ದಾಗ್ಲೂ ಒತ್ತಿದ್ರಲ್ಲ?' ಆಯಿ ಬೋಗುಣಿಯಿಂದ ಮುಖ ತೆಗೆಯದೆ, ಮೀನು ಕಡಿಮೆ ತೂಗಿ ಸಿಕ್ಕಿಬಿದ್ದವಳ ಹಾಗೆ ಸಣ್ಣ ದನಿಯಲ್ಲಿ, 'ನೀ ಬೇಜಾರ್ ಮಾಡ್ಕಂತೆ ಹೇಳಿ ಒತ್ದೆ, ಮಗಾ' ಎಂದಳು. ನರ್ಸು ನಕ್ಕು, ಅವಳ ಬೆನ್ನು ತಟ್ಟಿ, ಮೊದಲಿನಿಂದ ಶುರು ಮಾಡಿದಳು. ಈ ಸಲ ಯಂತ್ರದೊಳಗಿನ ಸಣ್ಣ ಗರಗರ ಸದ್ದು ಮಾತ್ರ ಕೇಳಿಸಿತು. ದೇವಿದಾಸ ಕಾದ. ಅವನು ಇದ್ದಲ್ಲಿಂದ ಬೋಗುಣಿಯ ಅಂಚಿನಲ್ಲಿ ಚುಕ್ಕೆಗಳು ಕಾಣುತ್ತಿದ್ದವು. ಮೇಲೆ ಒಂದು. ಬಲಕ್ಕೆ ಒಂದು, ಬಹಳ ಪ್ರಕಾಶವಾಗಿ. ಕೆಳಗೆ. ಅವನ ಹೆಬ್ಬೆರಳು ಪ್ಯಾಂಟಿನ ಜೇಬಿನೊಳಗೆ ತಾನಾಗಿ ಒತ್ತಿಕೊಂಡಿತು. ಬಹಳ ಹೊತ್ತಿನ ಮೇಲೆ ಒಂದು ಟಿಕ್. ಮತ್ತೆ ಇಲ್ಲ.

ಡಾಕ್ಟರು ಹಿರಿಯರು, ಅವಸರದವರಲ್ಲ. ಮುಂದೆ ಹಾಕಿದ ಎರಡು ಕಾಗದಗಳಲ್ಲಿ ಎರಡು ಕಣ್ಣುಗಳ ಚಿತ್ರವಿತ್ತು. ಬಲಗಣ್ಣಿನದು ಪೂರ್ತಿ ಕಪ್ಪು. ಎಡದ್ದರಲ್ಲಿ ನಡುವೆ ತೂತಿನಷ್ಟು ಬಿಳಿ. ಶಾಲೆಯಲ್ಲಿ ಆ ಎಳೆಯ ಡಾಕ್ಟರು ಬರೆದುಕೊಟ್ಟಿದ್ದ ಜೂನ್ ತಿಂಗಳ ಚೀಟಿಯನ್ನು ಅವರು ಬಿಡಿಸಿ ಓದಿದರು. ಅದು ಮಡಿಕೆಗಳಲ್ಲಿ ಹರಿದಿರಲಿಲ್ಲ. ದೇವಿದಾಸ ಅದನ್ನು ಪ್ಲಾಸ್ಟಿಕ್ಕಿನೊಳಗೆ ಬಹಳ ಜೋಪಾನವಾಗಿ ಇಟ್ಟಿದ್ದ.

'ಹನಿ ಹಾಕ್ತಿದ್ರಾ?'

'ಹಾಕ್ತಿದ್ವಿ ಸರ್.'

'ಎಲ್ಲಿತನಕ?'

'ಸೆಪ್ಟೆಂಬರ್.' ಆಮೇಲೆ, 'ಆಗಸ್ಟ್ ಅರ್ಧ' ಎಂದ.

ಆಯಿ ಸ್ಟೂಲಿನ ಮೇಲೆ ಮುಂದೆ ಸರಿದು ಕೂತಳು. 'ಹಣ್ಣಾಗಿದ್ಯಾ ಡಾಕ್ಟ್ರೇ? ಇವತ್ತೇ ತೆಗೀತ್ರಾ? ತೆಗೀತ್ರೆ ತೆಗೀರಿ, ಉಳೂಕೆ ಸೀರೆ ತಂದಿದ್ದೆ.' ನಿಜ, ಅವಳ ಮಡಿಲಲ್ಲಿ ಒಂದು ಗಂಟಿತ್ತು. ಬೆಳಿಗ್ಗೆಯಿಂದ ಅದೇನೆಂದು ಅವನು ಕೇಳಿರಲಿಲ್ಲ.

'ಏನು ಹಣ್ಣಾಗೋದು?'

'ಪೊರೆ.'

'ಪೊರೆ ಅಂತ ಯಾರು ಹೇಳಿದ್ರು ನಿಮ್ಗೆ?'

ಆಯಿ ಕತ್ತು ತಿರುಗಿಸಿದಳು. ಅವನು ನಿಂತದ್ದಕ್ಕಿಂತ ಒಂದು ಮೊಳ ಆಚೆ, ಬರಿಯ ಕುರ್ಚಿಯ ಕಡೆಗೆ ನೋಡಿ, 'ಇಂವ' ಎಂದಳು.

ಡಾಕ್ಟರು ಅವನನ್ನು ನೋಡಿದರು. ಬೈದಿದ್ದರೆ ಆಗುತ್ತಿತ್ತು. ಬೈಗುಳವನ್ನು ಹೇಗೆ ತಗೊಳ್ಳಬೇಕು ಎಂದು ಅವನಿಗೆ ಕಚೇರಿ ಕಲಿಸಿತ್ತು. ಅವರು ಅವನನ್ನು ಬಿಟ್ಟು ಆಯಿಯ ಕಡೆಗೆ ತಿರುಗಿ, ಅವಳ ಮೊಣಕಾಲ ಮೇಲೆ ಕೈಯಿಟ್ಟು, ಜೂನಿನಲ್ಲಿ ಮಳೆಯ ಜಗಲಿಯಲ್ಲಿ ಅವನು ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಮೂರು ನಿಮಿಷವೂ ಹಿಡಿಯಲಿಲ್ಲ. ಆಯಿ ಹೆದರಲಿಲ್ಲ, ಅಳಲಿಲ್ಲ. 'ಹಂಗಾರೆ ತೆಗೂದು ಎಂತದೂ ಇಲ್ಲೆ' ಎಂದಳು. 'ಇಲ್ಲ' ಎಂದರು ಅವರು. 'ಉಳಿದಷ್ಟು ಉಳಿಸ್ಕೋಬೇಕು. ಹನಿ ಒಂದು ದಿನವೂ ತಪ್ಪಬಾರದು.' ಹೊಸ ಚೀಟಿ ಬರೆದುಕೊಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಅಂಕೋಲೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಕಲ್ಲಿನ ಬೆಂಚಿನ ಮೇಲೆ ಕೂತರು. ಎದುರಿನ ರಸ್ತೆಯ ಆಚೆಗೇ ಹನಿ ಸಿಗುವ ಅಂಗಡಿ. ಬಾಗಿಲು ತೆರೆದಿತ್ತು. ಅವನು ಹೋಗಿ ತಂದ. ಹೋಗಿಬರಲು ನಾಲ್ಕು ನಿಮಿಷವಾಯಿತು. ಬಂದು ಕೂತಾಗ ಆಯಿ ಕೇಳಿದಳು.

'ನಿಂಗೆ ಯಾವಾಗಿಂದ ಗುತ್ತಿತ್ತು?'

ಅವನು ಸುಳ್ಳು ಹುಡುಕಿದ. ಸಿಗಲಿಲ್ಲ. 'ಅದೇ ದಿನ. ಶಾಲೆಲಿ.'

ಅವಳು ಗಂಟನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಮುಂದೆ ಬಸ್ಸೊಂದು ಹಿಂದಕ್ಕೆ ಬಂತು, ಯಾರೋ ಸದಾಶಿವಗಡ ಸದಾಶಿವಗಡ ಎಂದು ಕೂಗಿದರು, ಬಸ್ಸು ಹೋಯಿತು.

'ಆ ಚೀಟಿ ಬರೀತ್ಯಲಾ ದಿನಾ. ಅದ್ರಲ್ಲಿ ನಂದು ಇತ್ತಾ?'

'ಇತ್ತು ಆಯಿ. ದಿನಾ ಇತ್ತು. ಒಂದು ದಿನವೂ ಬಿಟ್ಟದ್ದಲ್ಲ.' ಅವನ ದನಿಯಲ್ಲಿ ಏನೋ ಉತ್ಸಾಹ ಬಂದಿತ್ತು. ಅದು ಅವನಿಗೇ ಹೇಸಿಗೆಯಾಯಿತು.

'ಎಷ್ಟನೇದು?'

'ಇವತ್ತು ಒಂದನೇದು.'

'ನಿನ್ನೆ?'

'ಒಂಬತ್ತು.'

ಆಯಿ ತಲೆಯಾಡಿಸಿದಳು. ಬೇಲೇಕೇರಿಯ ಹರಾಜಿನಲ್ಲಿ ತನಗೆ ಸಿಗದ ಪಾಲನ್ನು ಇನ್ನೊಬ್ಬಳು ಎತ್ತಿದಾಗ ಆಡಿಸುವ ಹಾಗೆ. 'ನಾಯಕ್ರ ಮೀನು ಎಷ್ಟನೇದು?'

ಅವನು ಹನಿಯ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಅವಳು ಮತ್ತೆ ಕೇಳಲಿಲ್ಲ. ಬಸ್ಸು ಬಂದಾಗ ಅವನು ಬಾಗಿ ಅವಳ ಹಿಮ್ಮಡಿಗೆ ಕೈ ಹಾಕಿದ. ಅವಳು ಕಾಲನ್ನು ಎಳೆದುಕೊಂಡು, ಪಕ್ಕದಲ್ಲಿ ಹತ್ತುತ್ತಿದ್ದ ಗುರುತಿಲ್ಲದ ಹೆಂಗಸಿನ ತೋಳು ಹಿಡಿದು ಹತ್ತಿದಳು. ಅವರಿಬ್ಬರೂ ಹೆಂಗಸರ ಸೀಟಿನಲ್ಲಿ ಕೂತರು. ಅವನಿಗೆ ಹಿಂದೆ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಅವಳು ಆ ಹೆಂಗಸನ್ನೇ ಕೇಳುತ್ತಿದ್ದಳು, ಬಿಣಗಾ ಬಂತಾ, ಚೆಂಡಿಯಾ ಬಂತಾ. ಆ ಹೆಂಗಸು ಬರದಿದ್ದರೆ ಬಂದಿಲ್ಲವೆಂದೇ ಹೇಳುತ್ತಿದ್ದಳು.

ಮನೆಯಲ್ಲಿ ಇನ್ನೂ ಬಿಸಿಲಿತ್ತು. ಚಂಪಾ ಕೇಳಿದಳು, ಆಯಿಯೇ ಹೇಳಿದಳು. ಆಮೇಲೆ ಚಂಪಾ ಅವನನ್ನು ಏನೂ ಕೇಳಲಿಲ್ಲ. ಹನಿಯ ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಅವನು ಅಂಗಿಯ ಜೇಬಿನಿಂದ ಇವತ್ತಿನ ಚೀಟಿ ತೆಗೆದ. ಬೆವರಿಗೆ ಮಸಿ ಹರಡಿತ್ತು. ಮೊದಲ ಸಾಲಿನ ಮೇಲೆ ಪೆನ್ನು ಇಟ್ಟ. ಕೆಲಸವೇನೋ ಆಗಿತ್ತು. ಗೆರೆ ಎಳೆದ. ಹೊಸದೇನೂ ಹುಟ್ಟಲಿಲ್ಲ. ಹನಿಯನ್ನು ಇನ್ನು ಚಂಪಾ ತರುತ್ತಾಳೆ, ಆಯಿ ಇನ್ನು ಯಾರಿಗೂ ಮೀನು ಆರಿಸುವುದಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಚೀಟಿಯಲ್ಲಿ ಹದಿಮೂರು ಉಳಿದಿದ್ದವು. ಕಿಟಕಿಯ ಹತ್ತಿರ ಹೋಗಿ ಕೊಕ್ಕೆಯಿಂದ ಜೂನ್ ತಿಂಗಳ ಈಚಿನ ಚೀಟಿಗಳನ್ನೆಲ್ಲ ಇಳಿಸಿ, ನೆಲದ ಮೇಲೆ ಕೂತು, ಒಂಬತ್ತನೆಯ ಸಾಲನ್ನು ಮಾತ್ರ ನೋಡುತ್ತ ಎಣಿಸಿದ. ಎಂಟನೆಯದು ಕೆಲವು ಸಲ, ಹನ್ನೊಂದನೆಯದು ಕೆಲವು ಸಲ. ಯಾವುದರಲ್ಲೂ ಅದು ತಪ್ಪಿರಲಿಲ್ಲ. ಅಕ್ಷರ ಎಲ್ಲದರಲ್ಲೂ ದುಂಡಗಿತ್ತು.

ಚೀಟಿಗಳು ನೂರಾ ಎಂಬತ್ತೊಂದು. ಗುರುವಾರಗಳು, ಇವತ್ತಿನದನ್ನು ಬಿಟ್ಟು, ಮೂವತ್ತೊಂದು. ಹೋದದ್ದು, ಬಲಗಣ್ಣಿನಲ್ಲಿ ಉಳಿದಿದ್ದ ಅರ್ಧ. ಎಡಗಣ್ಣಿನಲ್ಲಿ ಮುಕ್ಕಾಲಿಗೂ ಹೆಚ್ಚು.